ದೇಶಾಂತರದಲ್ಲಿ ಕೈತಪ್ಪಿದ ಮಾತು

ಮನುಷ್ಯರ ಸಮಾಗಮವನ್ನು ಮಹಾಸಮುದ್ರದಲ್ಲಿ ತೇಲುವ ಕಟ್ಟಿಗೆಯ ತುಂಡುಗಳ ಕೂಟಕ್ಕೆ ಹೋಲಿಸುವದು ನಮ್ಮ ಪ್ರಾಚೀನರ ವಾಡಿಕೆ. ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾನು ಈ ದೃಷ್ಟಾಂತವನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಅಲೆಯೆಂದರೆ ಕಾಲ, ಕಟ್ಟಿಗೆಯೆಂದರೆ ಜೀವ ಎಂದು ಹಲಗೆಯ ಮೇಲೆ ಬರೆದು, ಪರೀಕ್ಷೆಯಲ್ಲಿ ಅದನ್ನೇ ಕೇಳಿ, ಸರಿಯಾಗಿ ಬರೆದವರಿಗೆ ಪೂರ್ಣ ಅಂಕಗಳನ್ನು ಕೊಟ್ಟಿದ್ದೇನೆ. ಆದರೆ ಆ ಮಾತಿನ ಅರ್ಥವು ನನಗೆ ತಿಳಿದದ್ದು ಕಳೆದ ಜ್ಯೇಷ್ಠಮಾಸದಲ್ಲಿ, ಲಂಡನ್ ಪಟ್ಟಣದ ಥೇಮ್ಸ್ ನದಿಯ ದಂಡೆಯ ಮೇಲೆ. ಅದೂ ಒಂದು ಸಣ್ಣ ಪರೀಕ್ಷೆಯಲ್ಲಿ ನಾನೇ ಅನುತ್ತೀರ್ಣನಾದ ಮೇಲೆ.

ಸಮುದ್ರಯಾನವನ್ನು ಕಲಿವರ್ಜ್ಯಗಳಲ್ಲಿ ಎಣಿಸಿದ ಗ್ರಂಥಗಳನ್ನು ಓದಿದವನು ನಾನು. ಕಡಲು ದಾಟಿ ಬಂದವನು ಪ್ರಾಯಶ್ಚಿತ್ತ ಮಾಡಿಕೊಂಡ ಹೊರತು ಪಂಕ್ತಿಯಲ್ಲಿ ಕೂಡ್ರಬಾರದೆಂಬ ಕಟ್ಟಳೆಯನ್ನು ನಮ್ಮ ಹಿರಿಯರು ಕಂಡಿದ್ದರು. ಈಗಲಾದರೋ ಸಪ್ತಾಪುರದ ಓಣಿಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿರದ ಮನೆಯನ್ನು ಹುಡುಕಬೇಕಾಗಿದೆ. ಮಕ್ಕಳು ಹೋದ ಮೇಲೆ ಮೊಮ್ಮಕ್ಕಳನ್ನು ನೋಡುವದಕ್ಕೆ ಮುದುಕರೂ ಹೋಗುವರು. ಹಾಗೆ ನಾನೂ ಮಗಳ ಮನೆಗೆಂದು ಹೋದೆನು. ಎರಡು ತಿಂಗಳಿನ ಆ ವಾಸದಲ್ಲಿ ನೋಡಿದ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ವರ್ಣಿಸುವದು ನನ್ನ ಉದ್ದೇಶವಲ್ಲ. ಅಂಥ ವರ್ಣನೆಗಳು ವಾಚಕರಿಗೆ ಬೇಕಾದಷ್ಟು ದೊರೆಯುವವು. ನಾನು ಹೇಳಬೇಕೆಂದಿರುವದು ಒಂದು ಗಳಿಗೆಯ ಭೇಟಿಯನ್ನೂ ಒಂದು ಶಬ್ದವನ್ನೂ ಕುರಿತು.

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣದ ದಂಡೆಗುಂಟ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಹಾದಿಯಿದೆ. ಅಲ್ಲಿ, ಪಾರ್ಲಿಮೆಂಟ್ ಸೌಧದಿಂದ ಬಹಳ ದೂರವಲ್ಲದ ಒಂದು ಕಿರುದೋಟದಲ್ಲಿ, ನಮ್ಮ ಬಸವಣ್ಣನವರ ಪ್ರತಿಮೆ ನಿಂತಿದೆ. ಕಲಬುರಗಿಯ ಕಡೆಯಿಂದ ಹೋಗಿ ಲ್ಯಾಂಬೆತ್ ಎಂಬ ಭಾಗಕ್ಕೆ ಮೇಯರರಾಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಈ ಪ್ರತಿಮೆಯನ್ನು 2015ನೆಯ ನವೆಂಬರ 14ರಂದು ಭಾರತದ ಪ್ರಧಾನಮಂತ್ರಿಗಳು ಅನಾವರಣ ಮಾಡಿದರು. ಹನ್ನೆರಡನೆಯ ಶತಮಾನದ ಕಲ್ಯಾಣದ ಮಾತು ಇಪ್ಪತ್ತೊಂದನೆಯ ಶತಮಾನದ ಲಂಡನ್ನಿಗೆ ಬಂದು ನಿಂತದ್ದನ್ನು ಕಂಡು ಬರಬೇಕೆಂದು, ಒಂದು ದಿನ ಮೊಮ್ಮಗಳ ಕೈ ಹಿಡಿದುಕೊಂಡು ಹೋದೆನು. ಕೈ ಮುಗಿದು, ಆಕೆಗೆ ತಿಳಿಯುವಷ್ಟು ಸರಳವಾಗಿ ಬಸವಣ್ಣನವರ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದ್ದೆನು. ಅಷ್ಟರಲ್ಲಿ ಹಿಂದಿನ ಬಾಕಿನ ಮೇಲಿಂದ ಒಂದು ಧ್ವನಿ ಬಂದಿತು.

“ಧಾರವಾಡದ ಕಡೇವ್ರೇನ್ರೀ?”

ತಿರುಗಿ ನೋಡಿದೆನು. ಎಂಬತ್ತು ವರ್ಷ ದಾಟಿದ ವೃದ್ಧರು. ಮೈಮೇಲೆ ಬೂದುಬಣ್ಣದ ಕೋಟು, ಕೈಯಲ್ಲಿ ಊರುಗೋಲು, ಮಗ್ಗುಲಲ್ಲಿ ಮಡಿಸಿದ ಕೊಡೆ. ಉಡುಪಿನಿಂದ ಅವರನ್ನು ಆ ದೇಶದವರೆಂದೇ ತಿಳಿಯಬಹುದಾಗಿತ್ತು. ನಾಲಿಗೆ ಮಾತ್ರ ನಮ್ಮ ನೆಲವನ್ನು ಬಿಟ್ಟಿರಲಿಲ್ಲ.

“ಹೌದರಿ, ಧಾರವಾಡದವನು. ಸಪ್ತಾಪುರ,” ಎಂದೆನು.

“ಸಪ್ತಾಪುರ!” ಎಂದು ಅವರು ಎದ್ದು ನಿಲ್ಲಲು ಹವಣಿಸಿದರು. ನಾನೇ ಹೋಗಿ ಅವರ ಪಕ್ಕದಲ್ಲಿ ಕುಳಿತೆನು. “ಬಾವಿ ಐತೇನ್ರಿ ಇನ್ನ? ನಾವು ಆ ಬಾವೀ ಹತ್ರನ ಇದ್ವಿ. ಬಾಡಿಗೀ ಮನಿ. ನಾ ಕಾಲೇಜಿಗೆ ಹೋಗೂದು, ನಮ್ಮವ್ವ ನೀರು ತರೂದು.”

ಸಪ್ತಾಪುರದ ಬಾವಿಯೆಂಬದು ನಮ್ಮ ಭಾಗದ ಗುರುತು. ನಳದ ನೀರು ಮನೆಮನೆಗೆ ಬಂದ ಮೇಲೆ ಬಾವಿಗೆ ಹೋಗುವವರಿಲ್ಲ. ಆದರೂ ಊರಿನವರು ಆ ಸ್ಥಳವನ್ನು ಬಾವಿಯ ಹೆಸರಿನಿಂದಲೇ ಕರೆಯುವರು. ಇದನ್ನು ಹೇಳಲು ವೃದ್ಧರು ಬಹಳ ಹೊತ್ತು ತಲೆಯಾಡಿಸಿದರು. ಮುಂಬಯಿಯಿಂದ ಹಡಗು ಹತ್ತಿ ಬಂದದ್ದು 1962ರಲ್ಲಿ ಎಂದೂ, ಮೂರು ವರ್ಷ ಕಲಿತು ಮರಳಬೇಕೆಂದು ಬಂದು, ನೌಕರಿಯಾಗಿ, ಮದುವೆಯಾಗಿ, ಮಕ್ಕಳಾಗಿ ಇಲ್ಲಿಯೇ ಉಳಿದುಬಿಟ್ಟರೆಂದೂ, ತಾಯಿ ತೀರಿಕೊಂಡ ತಂತಿ ಕೈಸೇರುವಷ್ಟರಲ್ಲಿ ಊರಿನಲ್ಲಿ ಎಲ್ಲವೂ ಮುಗಿದುಹೋಗಿತ್ತೆಂದೂ ಹೇಳಿದರು. ಮನೆಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲವಂತೆ. ಪ್ರತಿಮೆ ನಿಂತಂದಿನಿಂದ, ಬಿಸಿಲಿದ್ದ ದಿವಸ ಇಲ್ಲಿ ಬಂದು ಕೂಡ್ರುವರಂತೆ. ಯಾರಾದರೂ ಕನ್ನಡ ಮಾತಾಡುತ್ತ ಬಂದಾರು ಎಂದು.

ಆ ಮೇಲೆ ಅವರು ಒಂದು ಪ್ರಶ್ನೆಯನ್ನು ಕೇಳಿದರು.

“ಮಾಸ್ತರ, ನಿಮಗ ಗೊತ್ತಿರತೈತಿ. ನಮ್ಮವ್ವ ತಲಿ ಮ್ಯಾಲೆ ಒಂದರ ಮ್ಯಾಲೊಂದು ಎರಡು ಕೊಡಾ ಹೊತಗೊಂಡು ಬರತಿದ್ಳು. ಕೊಡದ ಬುಡಕ, ತಲಿಗೆ ಒತ್ತಬಾರದಂತ, ಹಳೀ ಸೀರಿ ತುಂಡು ಸುತ್ತಿ ಇಡತಿದ್ಳಲ್ರಿ, ದುಂಡಗ, ಬಳಿ ಹಂಗ. ಅದಕ್ಕ ಏನಂತಾರ್ರಿ? ಎರಡು ವರ್ಷ ಆತು, ಆ ಮಾತು ಹೋಗೇಬಿಟ್ಟೈತಿ. ರಾತ್ರಿ ಎಚ್ಚರ ಆದ್ರ ಅದನ್ನ ಹುಡುಕತೀನಿ. ಅವ್ವನ ಮುಖ ಕಾಣತೈತಿ, ಕೊಡಾ ಕಾಣತಾವ, ಅದೂ ಕಾಣತೈತಿ. ಹೆಸರು ಮಾತ್ರ ಬರವಲ್ದು.”

ವಾಚಕರೇ, ಆ ವಸ್ತುವನ್ನು ನಾನು ಬಲ್ಲೆನು. ನನ್ನ ತಾಯಿಯೂ ಅದನ್ನು ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ನೀರು ತಂದವಳೇ. ಅದು ಗೂಟದ ಮೇಲೆ ತೂಗಾಡುತ್ತಿದ್ದುದೂ, ಮಳೆಗಾಲದಲ್ಲಿ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತಿದ್ದುದೂ ನೆನಪಿಗೆ ಬಂದವು. ಆದರೆ ಶಬ್ದವು ಬರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಈ ನಾಲಿಗೆಗೆ ಆ ಹೊತ್ತಿನಲ್ಲಿ ಹೊಳೆದವುಗಳು ವೇಷ್ಟನ, ವಲಯ, ಮಂಡಲ ಎಂಬ ಮಾತುಗಳು. ಅವುಗಳನ್ನೇ ಒಂದೊಂದಾಗಿ ಅಂದೆನು. ವೃದ್ಧರು ಮೆಲ್ಲನೆ ನಕ್ಕು,

“ಅಲ್ರೀ ಮಾಸ್ತರ, ನಮ್ಮವ್ವ ಸಂಸ್ಕೃತ ಮಾತಾಡತಿರಲಿಲ್ಲ,” ಎಂದರು.

ನಾನೂ ನಕ್ಕೆನು; ಆದರೆ ಒಳಗೆ ನಾಚಿಕೆಯಾಯಿತು. ಅಷ್ಟರಲ್ಲಿ ಮೊಮ್ಮಗಳು “ಅಜ್ಜಾ, ಅಮ್ಮ ಕಾಯತಿರತಾಳ” ಎಂದು ಕೈ ಜಗ್ಗಹತ್ತಿದಳು. ಮಗಳು ಒಂದು ನಿಶ್ಚಿತ ಹೊತ್ತಿಗೆ ಬಸ್ಸಿನ ತಂಗುದಾಣದಲ್ಲಿ ಬಂದು ನಿಲ್ಲುವವಳಿದ್ದಳು. “ಮತ್ತ ಬರತೇನ್ರಿ, ನೆನಪು ಮಾಡಿಕೊಂಡು ಬರತೇನಿ,” ಎಂದು ಎದ್ದೆನು. “ಬರ್ರಿ, ಬರ್ರಿ. ನಾ ಇಲ್ಲೇ ಇರತೀನಿ,” ಎಂದರು ಅವರು. ಹೆಸರನ್ನು ಕೇಳಲಿಲ್ಲ. ಮನೆಯ ವಿಳಾಸವನ್ನಾಗಲಿ ಟೆಲಿಫೋನಿನ ಸಂಖ್ಯೆಯನ್ನಾಗಲಿ ಬರೆದುಕೊಳ್ಳಲಿಲ್ಲ. ಮೊದಲ ಭೇಟಿಯಲ್ಲಿ ಹಿರಿಯರನ್ನು ಅಷ್ಟೆಲ್ಲ ಕೇಳುವದು ಮರ್ಯಾದೆಯಲ್ಲವೆಂದು ತಿಳಿದೆನು.

ಬಸ್ಸಿನಲ್ಲಿ ಮೇಲಟ್ಟದ ಮೇಲೆ ಕುಳಿತಿದ್ದಾಗ, ಮುಂದಿನ ಆಸನದಲ್ಲಿದ್ದ ಒಬ್ಬ ಹೆಂಗಸು ಕೊರಳ ಉಣ್ಣೆಯ ವಸ್ತ್ರವನ್ನು ತೆಗೆದು, ಹೊಸೆದು, ದುಂಡಗೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ತಕ್ಷಣವೇ “ಸಿಂಬಿ!” ಎಂದು ನಾನು ಗಟ್ಟಿಯಾಗಿ ಅಂದುಬಿಟ್ಟೆನು. ಸುತ್ತಲಿನವರು ತಿರುಗಿ ನೋಡಿದರು. ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಸಿಂಬಿ. ಎರಡೇ ಅಕ್ಷರ. ಬಸ್ಸು ಇನ್ನೂ ಎರಡನೆಯ ನಿಲ್ದಾಣವನ್ನು ದಾಟಿರಲಿಲ್ಲ. ಇಳಿದು ಹಿಂದಿರುಗಿದ್ದರೆ ಹತ್ತು ಮಿನಿಟಿನ ಹಾದಿ. ವೃದ್ಧರು ಅಲ್ಲಿಯೇ ಇರುತ್ತಿದ್ದರು. ಆದರೆ ಮಗಳು ಕಾಯುತ್ತಿರುವಳು, ಮಳೆಯ ಮೋಡ ಕವಿದಿದೆ, ಕೂಸಿಗೆ ಹಸಿವೆ, ನಾಳೆ ಹೇಳಿದರಾಯಿತು ಎಂದು ಕುಳಿತೇ ಇದ್ದೆನು.

ಮರುದಿನ ಮಳೆ. ಅದರ ಮರುದಿನವೂ ಮಳೆ. ಆ ಮೇಲೆ ಅಳಿಯಂದಿರಿಗೆ ಬಿಡುವಿತ್ತೆಂದು ಎಲ್ಲರೂ ಕೂಡಿ ನಾಲ್ಕು ದಿವಸ ಬೇರೊಂದು ಊರಿಗೆ ಹೋಗಿಬಂದೆವು. ಎಂಟನೆಯ ದಿನ ನಾನೊಬ್ಬನೇ ಹೋಗಿ ಆ ಬಾಕಿನ ಮೇಲೆ ಎರಡು ತಾಸು ಕುಳಿತೆನು. ಬಿಸಿಲು ಚೆನ್ನಾಗಿತ್ತು, ಅವರು ಬರಲಿಲ್ಲ. ಮತ್ತೆ ಮೂರು ಸಲ ಹೋದೆನು. ಹೆಸರು ತಿಳಿಯದ ಮನುಷ್ಯನನ್ನು ಅಷ್ಟು ದೊಡ್ಡ ಪಟ್ಟಣದಲ್ಲಿ ಏನೆಂದು ವಿಚಾರಿಸಬೇಕು? ಊರಿಗೆ ಹೊರಡುವ ಹಿಂದಿನ ದಿನ ಒಂದು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸಿಂಬಿ’ ಎಂದು ಬರೆದು, ಬಾಕಿನ ಮೇಲಿಟ್ಟು, ಒಂದು ಹರಳನ್ನು ಹೇರಿ ಬಂದೆನು. ನದಿಯ ಗಾಳಿ ಅದನ್ನು ಸಂಜೆಯ ತನಕವಾದರೂ ಉಳಿಯಗೊಟ್ಟಿತೆಂದು ನನಗೆ ಅನಿಸುವದಿಲ್ಲ.

ಕಾಳಿದಾಸನ ಶಾಕುಂತಲವನ್ನು ಪಾಠ ಹೇಳುವಾಗ, ಬಾಗಿಲಿಗೆ ಬಂದ ದುರ್ವಾಸರ ಕೂಗನ್ನು ಶಕುಂತಲೆ ಕೇಳದೆ ಹೋದದ್ದಕ್ಕೆ ಅಷ್ಟು ಘೋರವಾದ ಶಾಪವೇ ಎಂದು ಹುಡುಗರು ಕೇಳುತ್ತಿದ್ದರು. ಋಷಿಯ ಕೋಪಸ್ವಭಾವವನ್ನು ಮುಂದೆ ಮಾಡಿ ನಾನು ಸಮಾಧಾನ ಹೇಳುತ್ತಿದ್ದೆನು. ಈಗ ಬೇರೆ ರೀತಿಯಾಗಿ ತೋರುವದು. ಅತಿಥಿಯೆಂದರೆ ತಿಥಿಯನ್ನು ಗೊತ್ತುಪಡಿಸದೆ ಬರುವವನು. ಅವನು ಬಂದ ಗಳಿಗೆಯಲ್ಲಿ ನಮ್ಮ ಮನಸ್ಸು ಮತ್ತೆಲ್ಲಿಯೋ ಇದ್ದರೆ, ಶಾಪವನ್ನು ಬೇರೆ ಯಾರೂ ಕೊಡಬೇಕಾಗಿಲ್ಲ. ಆ ಗಳಿಗೆ ಹೋಯಿತೆಂಬದೇ ಶಾಪವು. ದೇಶಾಂತರದಲ್ಲಿಯಂತೂ ಕಂಡವರೆಲ್ಲರೂ ಅತಿಥಿಗಳೇ, ನಾವೂ ಅತಿಥಿಗಳೇ. ಊರಿನಲ್ಲಿ ಇಂದು ತಪ್ಪಿದವನು ನಾಳೆ ಸಂತೆಯಲ್ಲಿ ಸಿಕ್ಕಾನು. ಪರದೇಶದಲ್ಲಿ ನಾಳೆಯೆಂಬದಿಲ್ಲ.

ಊರಿಗೆ ಬಂದ ಮೇಲೆ, ಈ ಭಾಗದಿಂದ ಕಡಲು ದಾಟಿದವರ, ಮತ್ತು ಕಡಲು ದಾಟಿ ಈ ಭಾಗಕ್ಕೆ ಬಂದವರ, ವೃತ್ತಾಂತಗಳನ್ನು ಬೇರೆ ಕಣ್ಣಿನಿಂದ ಓದಹತ್ತಿದೆನು. ಇಂಥ ಕ್ಷಣಭೇಟಿಗಳನ್ನು ಅವರು ಏನು ಮಾಡಿಕೊಂಡರು ಎಂಬದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ನೆನಪಾದವರು ಫರ್ಡಿನೆಂಡ್ ಕಿಟ್ಟೆಲರು. ಜರ್ಮನಿಯ ಉತ್ತರದ ಕಡಲತೀರದ ಸೀಮೆಯಲ್ಲಿ 1832ರಲ್ಲಿ ಹುಟ್ಟಿದ ಇವರು ಬಾಸೆಲ್ ಮಿಶನ್ನಿನವರಾಗಿ 1853ರಲ್ಲಿ ನಮ್ಮ ದೇಶಕ್ಕೆ ಬಂದು, ಮೊದಲಿಗೆ ಹುಬ್ಬಳ್ಳಿ ಧಾರವಾಡಗಳಲ್ಲಿಯೇ ಇದ್ದರು. ಇಪ್ಪತ್ತೊಂದು ವರ್ಷದ ಆ ತರುಣನಿಗೆ ಇದು ಪರದೇಶ. ಇಲ್ಲಿಯ ಸಂತೆಯ ಮಾತು, ಹೊಲದ ಮಾತು, ಅಡಿಗೆಮನೆಯ ಮಾತು ಎಲ್ಲವೂ ಪರಭಾಷೆ. ಆದರೆ ಕೇಳಿದ ಮಾತನ್ನು ಅವರು ಗಾಳಿಗೆ ಬಿಡಲಿಲ್ಲ. ಶಬ್ದಗಳನ್ನೂ ಗಾದೆಗಳನ್ನೂ ಹಳೆಯ ಕಾವ್ಯಗಳ ಪ್ರಯೋಗಗಳನ್ನೂ ದಶಕಗಟ್ಟಲೆ ಕೂಡಿಹಾಕಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪ್ರಕಟಿಸಿದರು. ಸುಮಾರು 70,000 ಶಬ್ದಗಳ ಕನ್ನಡ ಇಂಗ್ಲಿಷ್ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ನಮ್ಮ ಹುಡುಗರು ಆ ಹೆಸರನ್ನು ದಿನವೂ ಉಚ್ಚರಿಸುವರು. ಅದರ ಹಿಂದಿನ ಗುಣವನ್ನು ನೆನೆಯುವವರು ಕಡಿಮೆ. ಆ ಗುಣವು ಪಾಂಡಿತ್ಯಕ್ಕಿಂತ ಮೊದಲಿನದು. ಎದುರಿಗೆ ಇದ್ದವನನ್ನು ‘ಇದಕ್ಕೆ ಏನೆನ್ನುತ್ತಾರೆ?’ ಎಂದು ಕೇಳಲು ನಾಚದಿರುವದು, ಕೇಳಿದ್ದನ್ನು ಅಂದೇ ಬರೆದಿಡುವದು. ಪರದೇಶಿಯಾದ ಅವರು ನಮ್ಮೂರಿನಲ್ಲಿ ಮಾಡಿದ್ದನ್ನು, ಸ್ವದೇಶೀಯನಾದ ನಾನು ಅವರ ಖಂಡದಲ್ಲಿ ಮಾಡಲಿಲ್ಲ.

ಎರಡನೆಯವರು ಧಾರವಾಡದಲ್ಲಿಯೇ 1889ರಲ್ಲಿ ಹುಟ್ಟಿದ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು. ಲೋಕಮಾನ್ಯ ತಿಲಕರ ಮಾತಿನಿಂದ ಪ್ರಭಾವಿತರಾಗಿ ಬೆಳೆದ ಇವರು, ವೈದ್ಯಶಾಸ್ತ್ರವನ್ನು ಕಲಿತು, ಹೆಚ್ಚಿನ ಅಭ್ಯಾಸಕ್ಕಾಗಿ ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಅದೇ ಕಾಲಕ್ಕೆ ಲಾಲಾ ಲಜಪತರಾಯರು ಮೊದಲನೆಯ ಮಹಾಯುದ್ಧದ ದೆಸೆಯಿಂದ ಸ್ವದೇಶಕ್ಕೆ ಮರಳಲು ಆಗದೆ ಅಮೇರಿಕೆಯಲ್ಲಿ ಉಳಿಯಬೇಕಾಗಿತ್ತು. ಪಂಜಾಬಿನ ನಾಯಕರೂ ಧಾರವಾಡದ ವಿದ್ಯಾರ್ಥಿಯೂ ಒಂದುಗೂಡುವದಕ್ಕೆ ಹಿಂದುಸ್ಥಾನದಲ್ಲಿ ಕಾರಣವೇ ಇರಲಿಲ್ಲ. ಪರದೇಶದ ಅಲೆ ಅವರನ್ನು ಕೂಡಿಸಿತು. ಲಾಲಾಜಿಯವರು 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಇಂಡಿಯಾ ಹೋಮ್‌ರೂಲ್ ಲೀಗಿನ ಕೆಲಸಕ್ಕೆ ಹರ್ಡೀಕರರು ಹೆಗಲು ಕೊಟ್ಟರು. ಆದರೆ ಇದೇ ಪ್ರವಾಸವು ಅವರಿಂದ ಒಂದನ್ನು ಕಸಿದುಕೊಂಡಿತು. 1920ನೆಯ ಆಗಸ್ಟ 1ರಂದು ತಿಲಕರು ಮುಂಬಯಿಯಲ್ಲಿ ಕಾಲವಾದರು; ಹರ್ಡೀಕರರು ಹಿಂದುಸ್ಥಾನಕ್ಕೆ ಮರಳಿದ್ದು 1921ರಲ್ಲಿ. ಪರದೇಶದಲ್ಲಿ ಗಳಿಸಿದ ವಿದ್ಯೆಯನ್ನೂ ಅನುಭವವನ್ನೂ ಯಾರ ಮುಂದೆ ಒಪ್ಪಿಸಬೇಕಾಗಿತ್ತೋ ಅವರು ಇರಲಿಲ್ಲ.

ಇಂಥ ವೇಳೆಯಲ್ಲಿ ಕೈ ಹಿಸುಕಿಕೊಂಡು ಕೂಡ್ರುವದು ಸುಲಭ. ಹರ್ಡೀಕರರು ಹಾಗೆ ಮಾಡಲಿಲ್ಲ. ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ತರುಣರನ್ನು ಕೂಡಿಸಿದರು. 1923ರ ಡಿಸೆಂಬರದಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಕಾಲಕ್ಕೆ ಹಿಂದುಸ್ತಾನಿ ಸೇವಾದಳವು ಹುಟ್ಟಿತು. ಮರುವರ್ಷ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಕೂಡಿದಾಗ ಸ್ವಯಂಸೇವಕರ ವ್ಯವಸ್ಥೆಯಲ್ಲಿ ಹರ್ಡೀಕರರ ಶಿಸ್ತು ಎದ್ದುಕಾಣಿಸಿತು. ಗುರುವಿಗೆ ಮುಟ್ಟಿಸಲಾಗದ್ದನ್ನು ದೇಶಕ್ಕೆ ಮುಟ್ಟಿಸಿದರು ಎಂದು ನಾನು ತಿಳಿಯುತ್ತೇನೆ. ತಪ್ಪಿದ ಭೇಟಿಯ ಋಣವನ್ನು ತೀರಿಸುವ ಹಾದಿ ಒಂದಿದೆ. ಆ ಮನುಷ್ಯನಿಗೆ ಸಲ್ಲಬೇಕಾದದ್ದನ್ನು ಉಳಿದವರಿಗೆ ಸಲ್ಲಿಸುವದು.

ಮೂರನೆಯ ಉದಾಹರಣೆ ನಮ್ಮ ಕಾಲಕ್ಕೆ ಹತ್ತಿರದ್ದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಕೆಲವು ಕಾಲ ಇಂಗ್ಲಿಷ್ ಕಲಿಸಿದ ಎ. ಕೆ. ರಾಮಾನುಜನ್ನರು 1959ರಲ್ಲಿ ಅಮೇರಿಕೆಗೆ ಹೋದರು. 1962ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ಒಂದು ವ್ಯಾಕರಣವನ್ನು ಹುಡುಕುತ್ತಿದ್ದಾಗ, ಪಟ್ಟಿಯಲ್ಲಿ ಸೇರದೆ ಧೂಳು ತಿನ್ನುತ್ತಿದ್ದ ಪುಸ್ತಕಗಳ ನಡುವೆ ಕುರುಂತೊಗೈ ಎಂಬ ಪ್ರಾಚೀನ ತಮಿಳು ಕವನಸಂಗ್ರಹವು ಅವರ ಕೈಗೆ ಬಂದಿತು. ಉ. ವೇ. ಸ್ವಾಮಿನಾಥಯ್ಯರು ಸಂಪಾದಿಸಿ 1937ರಲ್ಲಿ ಪ್ರಕಟಿಸಿದ ಪ್ರತಿಯದು. ಮನೆಮಾತು ತಮಿಳಾಗಿದ್ದರೂ, ಆ ಮಾತಿನ ಎರಡು ಸಾವಿರ ವರ್ಷಗಳ ಐಶ್ವರ್ಯವು ಅವರಿಗೆ ಕಾಣಿಸಿದ್ದು ಸಾವಿರಾರು ಹರದಾರಿ ದೂರದ ಒಂದು ನೆಲಮಾಳಿಗೆಯಲ್ಲಿ! ಹುಡುಕಲು ಹೋದದ್ದು ಇದಲ್ಲವೆಂದು ಪುಸ್ತಕವನ್ನು ಮರಳಿ ಇಟ್ಟು ಹೋಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಅವರು ನಿಂತು ಓದಿದರು. ಆ ಓದಿನಿಂದ 1967ರಲ್ಲಿ ಆ ಕವನಗಳ ಇಂಗ್ಲಿಷ್ ಅನುವಾದವು ಬಂದಿತು. ಮುಂದೆ 1973ರಲ್ಲಿ ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳನ್ನೂ ಅವರು ಇಂಗ್ಲಿಷಿಗೆ ತಂದರು. ಅವರ ಕನ್ನಡ ಕವಿತೆಗಳ ಮೊದಲ ಸಂಗ್ರಹವಾದ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬದು 1969ರಲ್ಲಿ ಪ್ರಕಟವಾದದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ.

ಇನ್ನು ನಾಲ್ಕನೆಯವರಾದ ಗಿರೀಶ ಕಾರ್ನಾಡರಂತೂ ನಮ್ಮ ಸಪ್ತಾಪುರದವರೇ. ಅವರ ಮನೆಯವರು ಇಲ್ಲಿ ವಾಸವಾಗಿದ್ದರು. ಹುಡುಗರಾಗಿದ್ದಾಗ ಅವರಿಗೆ ಜಗತ್ಪ್ರಸಿದ್ಧರ ಚಿತ್ರಗಳನ್ನು ಬರೆದು, ಹಸ್ತಾಕ್ಷರಕ್ಕಾಗಿ ಅಂಚೆಯಲ್ಲಿ ಕಳಿಸುವ ಹವ್ಯಾಸವಿತ್ತು. ಹಾಗೆ ಐರ್ಲಂಡಿನ ನಾಟಕಕಾರ ಶಾನ್ ಓಕೇಸಿಯವರಿಗೂ ಕಳಿಸಿದರು. ಅನ್ಯರ ಸಹಿಯನ್ನು ಕೂಡಿಸುವದರಲ್ಲಿ ಹೊತ್ತು ಕಳೆಯಬೇಡ, ಜನರು ನಿನ್ನ ಸಹಿಯನ್ನು ಕೇಳುವಂಥದ್ದನ್ನು ಮಾಡು ಎಂಬ ಅಭಿಪ್ರಾಯದ ಉತ್ತರ ಬಂದಿತು. ಒಬ್ಬ ವೃದ್ಧ ಲೇಖಕನು ಮುಖ ಕಾಣದ ಪರದೇಶದ ಹುಡುಗನಿಗಾಗಿ ಕೆಲವು ನಿಮಿಷ ತೆಗೆದಿಟ್ಟನಷ್ಟೇ. ಆ ಹುಡುಗನು ಮುಂದೆ ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ, ಪ್ರಯಾಣದ ಸಿದ್ಧತೆಯ ಗಡಿಬಿಡಿಯಲ್ಲಿಯೇ ‘ಯಯಾತಿ’ ನಾಟಕವನ್ನು ಬರೆದಿದ್ದನು. ಅದನ್ನು 1961ರಲ್ಲಿ ಮನೋಹರ ಗ್ರಂಥಮಾಲೆಯವರು ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದವರು ಕನ್ನಡದ ನಾಟಕಕಾರರಾದರು. ಓಕೇಸಿಯವರು 1964ರಲ್ಲಿ ತೀರಿಕೊಂಡರು. ಅವರು ಬರೆದ ಆ ನಾಲ್ಕು ಸಾಲುಗಳು ಮಾತ್ರ ತಮ್ಮ ಕೆಲಸವನ್ನು ಮಾಡಿದ್ದವು.

ಈ ನಾಲ್ವರ ವೃತ್ತಾಂತಗಳಲ್ಲಿ ಒಂದು ಸಾಮಾನ್ಯ ಸೂತ್ರವಿದೆ. ಭೇಟಿಯು ದೈವಾಧೀನ, ಅದನ್ನು ಹಿಡಿದುಕೊಳ್ಳುವದು ಪುರುಷಪ್ರಯತ್ನ. ಹಿಡಿದುಕೊಳ್ಳುವದಕ್ಕೆ ದೊಡ್ಡ ಸಾಹಸವೇನೂ ಬೇಡ. ಕಿಟ್ಟೆಲರು ಬರೆದಿಟ್ಟರು, ರಾಮಾನುಜನ್ನರು ನಿಂತು ಓದಿದರು, ಓಕೇಸಿ ಉತ್ತರ ಬರೆದರು, ಹರ್ಡೀಕರರು ತಪ್ಪಿದ್ದಕ್ಕೆ ಬದಲು ಮಾಡಬಹುದಾದದ್ದನ್ನು ಮಾಡಿದರು. ನಾನು ಮಾಡಬೇಕಾಗಿದ್ದದ್ದು ಬಸ್ಸನ್ನು ಇಳಿಯುವದು, ಇಷ್ಟೇ.

ಈಚೆಗೆ ಸಪ್ತಾಪುರವು ವಿದ್ಯಾರ್ಥಿಗಳ ಊರಾಗಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿಸುವ ತರಗತಿಗಳಿಗಾಗಿ ನಾಡಿನ ನಾನಾ ಜಿಲ್ಲೆಗಳಿಂದ ತರುಣರು ಬಂದು ಇಲ್ಲಿ ಕೋಣೆ ಹಿಡಿದಿರುವರು. ನಮ್ಮ ಮನೆಯ ಎದುರಿನ ಕಟ್ಟೆಯ ಮೇಲೆ ಸಂಜೆಗೆ ಕೂಡ್ರುವ ಏಳೆಂಟು ಹುಡುಗರನ್ನು ಒಂದು ದಿನ, “ಸಿಂಬಿ ಅಂದ್ರ ಏನು, ಬಲ್ಲಿರೇನ್ರಪಾ?” ಎಂದು ಕೇಳಿದೆನು. ಅದು ಪರೀಕ್ಷೆಯಲ್ಲಿ ಬಂದಿತ್ತೇ ಎಂದು ಒಬ್ಬನು ಕೇಳಿದನು. ಹಳ್ಳಿಯಿಂದ ಬಂದ ಒಬ್ಬ ಹುಡುಗನು ಮಾತ್ರ, “ನಮ್ಮ ಆಯಿ ಇಟ್ಕೊತಿದ್ಳರಿ ಸರ. ಈಗ ನಳಾ ಬಂದೈತಿ, ಸಿಂಬಿ ಎಲ್ಲಿದರಿ?” ಎಂದನು. ವಸ್ತು ಹೋದ ಮೇಲೆ ಮಾತು ಹೋಗುವದು ಸಹಜ. ತಾಯಂದಿರ ತಲೆಯ ಭಾರ ಇಳಿದದ್ದಕ್ಕೆ ನಾನು ಸಂತೋಷಪಡುವವನೇ. ಸಿಂಬಿ ಮರಳಿ ಬರಲಿ ಎಂದು ಬಯಸುವದಿಲ್ಲ. ಆದರೆ ಆ ಭಾರವನ್ನು ಹೊತ್ತವಳ ನೆನಪು ಆ ಎರಡು ಅಕ್ಷರಗಳಲ್ಲಿ ಸಿಕ್ಕಿಕೊಂಡಿರುವ ಒಬ್ಬ ಮಗನಾದರೂ ಈ ಜಗತ್ತಿನಲ್ಲಿ ಇರುವನೆಂದು ನಾನು ಬಲ್ಲೆನು.

ಆದುದರಿಂದ, ಮಕ್ಕಳು ಪರದೇಶದಲ್ಲಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ನನ್ನದೊಂದು ವಿಜ್ಞಾಪನೆ. ಅಲ್ಲಿಗೆ ಹೋದಾಗ ಉಡುಪಿನ ಪೆಟ್ಟಿಗೆ, ಚಟ್ನಿಪುಡಿಯ ಡಬ್ಬಿಗಳೊಡನೆ ಒಂದು ಸಣ್ಣ ಟಿಪ್ಪಣಿಯ ಪುಸ್ತಕವನ್ನೂ ಒಯ್ಯಿರಿ. ಕನ್ನಡ ಮಾತಾಡುವ ಹಿರಿಯರು ಎಲ್ಲಿಯಾದರೂ ಸಿಕ್ಕರೆ, ಮೊದಲು ಹೆಸರು ಕೇಳಿರಿ, ಊರು ಕೇಳಿರಿ, ಅದು ಅಮರ್ಯಾದೆಯಲ್ಲ. ಅವರು ಏನನ್ನಾದರೂ ಕೇಳಿದರೆ, ಗೊತ್ತಿದ್ದಷ್ಟನ್ನು ಅಲ್ಲಿಯೇ ಹೇಳಿರಿ. ಗೊತ್ತಿಲ್ಲದ್ದು ಹಾದಿಯಲ್ಲಿ ಹೊಳೆದರೆ ಹಿಂದಿರುಗಿರಿ. ಮಗಳು ಸ್ವಲ್ಪ ಹೊತ್ತು ಕಾದಾಳು. ನನ್ನ ಮಗಳಿಗೆ ಈ ಸಂಗತಿಯನ್ನೆಲ್ಲ ಹೇಳಿದಾಗ ಆಕೆ ಅಂದ ಮಾತೂ ಅದೇ: “ಅಪ್ಪಾ, ನಾ ಕಾಯತಿದ್ದೆನಲ್ಲ.”

ಅಲ್ಲಿಗೆ ಹೋಗಲಾರದವರು ಮನೆಯಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. ಅಜ್ಜಿಯ ಬಾಯಿಯಲ್ಲಿರುವ ಒಂದೊಂದು ಮಾತನ್ನು, ಅದು ಯಾವ ವಸ್ತುವಿನ ಹೆಸರು, ಹೇಗೆ ಬಳಸುತ್ತಿದ್ದರು ಎಂಬದರೊಡನೆ, ಮೊಮ್ಮಕ್ಕಳ ಕೈಯಿಂದ ಬರೆಯಿಸಿರಿ. ನಾನು ಈಗ ಅದನ್ನು ಆರಂಭಿಸಿದ್ದೇನೆ. ಪ್ರತಿ ಆದಿತ್ಯವಾರ ಟೆಲಿಫೋನಿನ ಮೂಲಕ ಮೊಮ್ಮಗಳಿಗೆ ಐದು ಮಾತು ಹೇಳುವೆನು. ಆಕೆ ಅವುಗಳ ಚಿತ್ರ ಬರೆದು ಕೆಳಗೆ ಕನ್ನಡದಲ್ಲಿ ಹೆಸರು ಬರೆಯುವಳು. ಮೊದಲನೆಯ ಚಿತ್ರವು ಎರಡು ಕೊಡ ಹೊತ್ತ ಒಬ್ಬ ಹೆಂಗಸಿನದು. ಬಿಸಿಲಿದ್ದ ದಿವಸ ತಾಯಿಯೊಡನೆ ಬಸವಣ್ಣನ ತೋಟಕ್ಕೆ ಹೋದಾಗಲೆಲ್ಲ ಆಕೆ ಆ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುವಳಂತೆ. ಅಜ್ಜ ಇನ್ನೂ ಸಿಕ್ಕಿಲ್ಲ ಎಂದು ಪ್ರತಿ ಸಲವೂ ವರದಿ ಒಪ್ಪಿಸುವಳು.

ಈ ಮಾಸಪತ್ರಿಕೆಯು ಕನ್ನಡ ಮನೆಗಳಿಗೆ ಹೋಗುವಂಥದು. ಕೆಲವು ಪ್ರತಿಗಳು ಕಡಲಾಚೆಗೂ ಹೋದಾವು. ಥೇಮ್ಸ್ ನದಿಯ ದಂಡೆಯ ಮೇಲೆ, ಬೂದುಬಣ್ಣದ ಕೋಟು ಧರಿಸಿ, ಕನ್ನಡ ಮಾತಿಗಾಗಿ ಕಾಯುತ್ತ ಕೂಡ್ರುವ ಒಬ್ಬ ಹಿರಿಯರನ್ನು ವಾಚಕರಲ್ಲಿ ಯಾರಾದರೂ ಕಂಡರೆ, ದಯವಿಟ್ಟು ಅವರ ಹೆಸರನ್ನು ಕೇಳಿಕೊಳ್ಳಿರಿ. ಸಪ್ತಾಪುರದ ಮಾಸ್ತರನು ಮರೆತಿಲ್ಲವೆಂದು ಹೇಳಿರಿ. ಅವರ ತಾಯಿ ಹಳೆಯ ಸೀರೆಯ ತುಂಡನ್ನು ದುಂಡಗೆ ಸುತ್ತಿ ಕೊಡದ ಬುಡಕ್ಕೆ ಇಟ್ಟುಕೊಳ್ಳುತ್ತಿದ್ದುದಕ್ಕೆ ಸಿಂಬಿ ಎನ್ನುತ್ತಾರೆ ಎಂದು ಹೇಳಿರಿ.